ಯಾರೂ ತೋಡದ ಬಾವಿ: ಸೆನೋಟೆಗೆ ಇಳಿಯುವ ಮೊದಲು

ಹೋದ ತಿಂಗಳು ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಬಂತು. ಅಮೆರಿಕದ ಡಲ್ಲಾಸ್‌ನಲ್ಲಿರುವ ಅಕ್ಕನ ಮಗಳು ರಜೆಗೆ ಹೋದಲ್ಲಿಂದ ಕಳಿಸಿದ್ದು. ಗುಂಡಗೆ ಕೊರೆದಿಟ್ಟಂಥ ದೊಡ್ಡ ಬಾವಿ. ಅಂಚಿನ ಮರಗಳ ಬೇರು ಜಡೆ ಬಿಚ್ಚಿದ ಹಾಗೆ ನೀರಿನ ತನಕ ಇಳಿಬಿದ್ದಿದೆ. ತಳದಲ್ಲಿ ಕಡು ನೀಲಿ ನೀರು. ನಡುವೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ತೇಲುತ್ತಿರುವ ನಮ್ಮ ಹುಡುಗಿ. ಮಂಡ್ಯದ ಹತ್ತಿರ ಹಳ್ಳಿಯಲ್ಲಿರುವ ನಮ್ಮಮ್ಮ ಅದನ್ನು ನೋಡಿದ್ದೇ ತಡ, ಮೊಮ್ಮಗಳಿಗೆ ವಾಯ್ಸ್ ಮೆಸೇಜ್ ಹಾಕಿದರು: “ಅದ್ಯಾರ್ ಬಾವಿಗ್ ಇಳ್ದಿದ್ದೀಯವ್ವ? ಯಾರ್ ತೋಡ್ಸಿದ್ದು ಅದ? ಮ್ಯಾಕ್ ಹತ್ತಕ್ಕೆ ಮೆಟ್ಲಾರೂ ಅವಾ?”

“ಅಜ್ಜಿ, ಅದು ಬಾವಿ ಅಲ್ಲ, ಸೆನೋಟೆ” ಎಂದು ಅವಳು ಬರೆದಳು. ಅಷ್ಟಕ್ಕೇ ಗುಂಪಿನಲ್ಲಿ ಪ್ರಶ್ನೆಗಳ ಮಳೆ.

ಮೈಸೂರು, ಮಂಡ್ಯದ ಎಷ್ಟೋ ಮನೆಗಳ ಮಕ್ಕಳು ಈಗ ಅಮೆರಿಕದಲ್ಲಿದ್ದಾರೆ. ಅಪ್ಪ ಅಮ್ಮ ಹೋದಾಗ ಎಲ್ಲರೂ ಸೇರಿ ಮೆಕ್ಸಿಕೊದ ಕ್ಯಾನ್‌ಕುನ್ ಕಡೆ ನಾಲ್ಕು ದಿನ ತಿರುಗಿಬರುವುದು ಮಾಮೂಲಾಗಿದೆ. ಅಮೆರಿಕದ ಚಾಲ್ತಿ ವೀಸಾ ಇದ್ದರೆ ಮೆಕ್ಸಿಕೊ ಬೇರೆ ವೀಸಾ ಕೇಳುವುದಿಲ್ಲ, ಅದೂ ಒಂದು ಅನುಕೂಲ. ಅಲ್ಲಿಗೆ ಹೋದವರನ್ನು ಟೂರಿನವರು ಸೆನೋಟೆಗೆ ಕರೆದೊಯ್ಯದೆ ಬಿಡುವುದಿಲ್ಲ. ಹಾಗಾಗಿ ಅಮ್ಮನ ಎರಡು ಪ್ರಶ್ನೆಗಳನ್ನೇ ಹಿಡಿದು ಹೋಗೋಣ. ಇದನ್ನು ತೋಡಿದ್ದು ಯಾರು? ಇಳಿದವರು ಮೇಲೆ ಬರುವುದು ಹೇಗೆ?

## ಹೆಸರು ಮತ್ತು ಅರ್ಥ

ಸೆನೋಟೆ ಎಂಬುದು ಸ್ಪ್ಯಾನಿಷರ ಬಾಯಿಗೆ ಸಿಕ್ಕಿ ಬದಲಾದ ಮಾಯಾ ಮಾತು. ಮೆಕ್ಸಿಕೊದ ಯುಕಟಾನ್ ಪರ್ಯಾಯದ್ವೀಪದ ಮಾಯಾ ಜನ ಇದನ್ನು ‘ತ್ಸೊನೋತ್’ ಎನ್ನುತ್ತಾರೆ. ನೆಲದೊಳಗಿನ ಗುಹೆಯ ಚಾವಣಿ ಕುಸಿದು, ಒಳಗಿದ್ದ ಅಂತರ್ಜಲ ಬಯಲಿಗೆ ಕಾಣುವ ಜಾಗ ಅದು.

ಇಂಥ ಕುಸಿತದ ಗುಂಡಿಗಳಿಗೆ ಭೂವಿಜ್ಞಾನದವರು ಒಟ್ಟಾರೆ ಸಿಂಕ್‌ಹೋಲ್ ಎನ್ನುತ್ತಾರೆ. ಸಿಂಕ್‌ಹೋಲ್ ಎಂದ ತಕ್ಷಣ ನಮಗೆ ಬೆಂಗಳೂರಿನಲ್ಲಿ ರಸ್ತೆ ದಿಢೀರನೆ ಬಾಯಿಬಿಟ್ಟ ಸುದ್ದಿ ನೆನಪಾಗುತ್ತದೆ, ಅಲ್ವಾ? ಅದು ಬೇರೆ. ಅಲ್ಲಿ ಪೈಪ್ ಒಡೆದೋ ಒಳಚರಂಡಿ ಸೋರಿಯೋ ಅಡಿಯ ಮಣ್ಣು ಕೊಚ್ಚಿಹೋಗಿರುತ್ತದೆ, ಮೇಲಿನ ಡಾಂಬರು ಕೂರುತ್ತದೆ. ಸೆನೋಟೆಯಲ್ಲಿ ಕರಗಿರುವುದು ಕಲ್ಲೇ. ಅದಕ್ಕೆ ಹಿಡಿದ ಕಾಲ ಸಾವಿರಾರು, ಲಕ್ಷಾಂತರ ವರ್ಷ.

ಯುಕಟಾನ್‌ನ ಉತ್ತರ ಭಾಗದ ನಕ್ಷೆ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಮಳೆ ಬೀಳುತ್ತದೆ, ಕಾಡಿದೆ, ಆದರೆ ನೆಲದ ಮೇಲೆ ಹರಿಯುವ ಹೊಳೆಯೇ ಇಲ್ಲ. ಕಾವೇರಿ, ಹೇಮಾವತಿ, ಲೋಕಪಾವನಿ, ಶಿಂಷಾ ಎಂದು ಎಣಿಸುತ್ತಾ ಬೆಳೆದ ನಮಗೆ ಇದು ನಂಬಲು ಕಷ್ಟ. ಅಲ್ಲಿ ಬಿದ್ದ ಮಳೆ ಜರಡಿಗೆ ಹೊಯ್ದ ಹಾಗೆ ಕೆಳಗಿಳಿದುಬಿಡುತ್ತದೆ. ಹೊಳೆಗಳು ಹರಿಯುವುದು ನೆಲದಡಿಯಲ್ಲಿ. ಆ ಹೊಳೆಗಳಿಗೆ ನೆಲ ತೆರೆದ ಕಿಟಕಿಗಳೇ ಸೆನೋಟೆಗಳು. ಇಂಥವು 6 ಸಾವಿರಕ್ಕೂ ಜಾಸ್ತಿ ಇವೆ ಎಂದು ಅಂದಾಜು.

## ಕಲ್ಲು ಕರಗುವ ಬಗೆ

ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳವನ್ನು ನೋಡಿ. ಕೆಲವೇ ತಿಂಗಳಲ್ಲಿ ಬಿಳಿ ಪದರ ಕಟ್ಟಿರುತ್ತದೆ. ಗೀಸರ್ ರಿಪೇರಿಯವನು ಕಾಯಿಲ್ ಹೊರತೆಗೆದಾಗಲೂ ಅದೇ ಕಾಣುತ್ತದೆ. ಅದು ಸುಣ್ಣಕಲ್ಲು. ನೀರು ನೆಲದೊಳಗಿಂದ ಕರಗಿಸಿಕೊಂಡು ಬಂದಿದ್ದನ್ನು ಬಿಸಿ ತಾಗಿದಾಗ ಅಲ್ಲೇ ಬಿಟ್ಟುಹೋಗಿದೆ. ಸ್ವಲ್ಪ ನಿಂಬೆರಸ ಅಥವಾ ವಿನೆಗರ್ ಹಾಕಿದರೆ ಜುಮ್ ಎಂದು ನೊರೆ ಬಂದು ಮತ್ತೆ ಕರಗುತ್ತದೆ. ಸೆನೋಟೆಯ ಇಡೀ ಕತೆ ಈ ಪಾತ್ರೆಯಲ್ಲೇ ಇದೆ.

ಯುಕಟಾನ್ ನೆಲವೆಂದರೆ ಸುಣ್ಣಕಲ್ಲಿನ ಒಂದು ಭಾರಿ ಚಪ್ಪಡಿ. ಒಂದು ಕಾಲಕ್ಕೆ ಅದು ಆಳವಿಲ್ಲದ ಸಮುದ್ರದ ತಳವಾಗಿತ್ತು. ಚಿಪ್ಪು, ಹವಳ, ಸೂಕ್ಷ್ಮ ಜೀವಿಗಳ ಅವಶೇಷ ಪದರ ಪದರವಾಗಿ ಗಟ್ಟಿಯಾಗಿ ಕಲ್ಲಾಯಿತು. ಈ ಕಲ್ಲಿಗೆ ಹುಳಿ ಆಗುವುದಿಲ್ಲ. ಮಳೆನೀರೋ, ತುಸು ಹುಳಿ. ಬೀಳುವಾಗ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಸೇರಿಸಿಕೊಳ್ಳುತ್ತದೆ. ಕಾಡಿನ ಮಣ್ಣಿಗಿಳಿದಾಗ ಬೇರುಗಳೂ ಕೊಳೆತ ಎಲೆಗಳೂ ಇನ್ನಷ್ಟು ಕೊಡುತ್ತವೆ. ಸೋಡಾ ಬಾಟಲಿಯಲ್ಲಿ ಇರುವುದೂ ಇದೇ ಅನಿಲ, ನಾಲಗೆಗೆ ಚುರುಕ್ ಅನ್ನಿಸುವುದು ಅದೇ ಹುಳಿ. ಬಹಳ ಸಪ್ಪೆ ಸೋಡಾ ಸಾವಿರಾರು ವರ್ಷ ಕಲ್ಲಿನ ಬಿರುಕುಗಳಲ್ಲಿ ಇಳಿಯುತ್ತಾ ಹೋದರೆ ಏನಾಗುತ್ತದೋ, ಅದೇ ಆಗಿದೆ. ಬಿರುಕು ಸಂದಾಗಿ, ಸಂದು ಸುರಂಗವಾಗಿ, ಸುರಂಗ ಗುಹೆಯಾಯಿತು.

ಇನ್ನು ಬಾಯಿ ತೆರೆಯುವುದು ಹೇಗೆ? ಹಳೇ ಮೈಸೂರಿನ ಹಳ್ಳಿಗಳಲ್ಲಿ ರಾಗಿ ತುಂಬಿಡುತ್ತಿದ್ದ ಹಗೇವು ನೆನಪಿದೆಯಾ? ಮೇಲೆ ಒಬ್ಬರು ಇಳಿಯುವಷ್ಟೇ ಬಾಯಿ, ಒಳಗೆ ದೊಡ್ಡ ಹೊಟ್ಟೆ. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಎಳೆದರೆ ಕೆಳಗೆ ಟೊಳ್ಳಿದೆ ಎಂದು ಮೇಲೆ ನಡೆಯುವವರಿಗೆ ಗೊತ್ತೇ ಆಗುವುದಿಲ್ಲ. ಸುಣ್ಣಕಲ್ಲಿನ ಗುಹೆಯೂ ಹಾಗೇ. ಚಾವಣಿ ತೆಳ್ಳಗಾಗುತ್ತಾ ಬಂದು ಒಂದು ದಿನ ನಡುವೆ ತೂತು ಬೀಳುತ್ತದೆ. ಆ ಹಂತದ ಸೆನೋಟೆ ಥೇಟ್ ಹಗೇವಿನ ಹಾಗೇ ಇರುತ್ತದೆ. ಮೆಕ್ಸಿಕೊದವರು ಅದಕ್ಕೆ ಹೂಜಿಯ ಹೆಸರಿಟ್ಟಿದ್ದಾರೆ. ಪೂರ್ತಿ ಚಾವಣಿ ಬಿದ್ದು ಗೋಡೆ ನೆಟ್ಟಗೆ ನಿಂತರೆ ನಮ್ಮ ಸೇದುವ ಬಾವಿಯ ಆಕಾರ. ಗೋಡೆಯೂ ಸವೆದು ಹೂಳು ತುಂಬಿದರೆ ನೋಡಲು ಕೆರೆ. ಚಾವಣಿ ಗಟ್ಟಿಯಾಗಿ ಉಳಿದು ಪಕ್ಕದಲ್ಲಿ ಮಾತ್ರ ಬಾಗಿಲು ತೆರೆದಿದ್ದರೆ ಗುಹೆ. ಟಿಕೆಟ್ ಕೊಳ್ಳುವಾಗ ಈ ಆಕಾರಗಳು ನೆನಪಿರಲಿ, ಮುಂದೆ ಕೆಲಸಕ್ಕೆ ಬರುತ್ತವೆ.

ನಮ್ಮ ಹುಡುಗಿ ಇಳಿದಿದ್ದು ಇಕ್ ಕಿಲ್ ಎಂಬ ಸೆನೋಟೆಗೆ. ಬಾವಿ ಆಕಾರದ್ದು, ಸುಮಾರು 60 ಮೀಟರ್ ಅಗಲ. ನೀರು ಸಿಗಬೇಕಾದರೆ ನೆಲದಿಂದ ಸುಮಾರು 26 ಮೀಟರ್ ಇಳಿಯಬೇಕು. ಮೆಟ್ಟಿಲು ಅವೆ ಕಣಮ್ಮ, ಕಲ್ಲಿನಲ್ಲೇ ಕಡಿದಿದ್ದಾರೆ.

## ಬಿದ್ದ ಚುಕ್ಕಿ, ಬಾವಿಗಳ ಬಳೆ

ಯುಕಟಾನ್‌ನ ವಾಯವ್ಯ ಭಾಗದಲ್ಲಿ ಸೆನೋಟೆಗಳು ಅಲ್ಲಿ ಇಲ್ಲಿ ಚದುರಿಲ್ಲ. ಬಳೆ ಮುರಿದಿಟ್ಟ ಹಾಗೆ ಕಮಾನಿನಲ್ಲಿ ಸಾಲಾಗಿವೆ. ಬಳೆಯ ಉಳಿದ ಭಾಗ ಸಮುದ್ರದ ಕಡೆಗಿದೆ.

ಕಾರಣ 6.6 ಕೋಟಿ ವರ್ಷ ಹಿಂದಿನದು. ಸುಮಾರು 10 ಕಿ.ಮೀ. ಅಗಲದ ಕ್ಷುದ್ರಗ್ರಹ ಇಲ್ಲಿಗೆ ಬಂದು ಅಪ್ಪಳಿಸಿತು. ಡೈನೋಸಾರ್‌ಗಳ ಕಾಲ ಮುಗಿಸಿದ ಹೊಡೆತ ಇದೇ ಎನ್ನುವುದನ್ನು ಇಂದು ಬಹುತೇಕ ವಿಜ್ಞಾನಿಗಳು ಒಪ್ಪುತ್ತಾರೆ. ಆದ ಗುಳಿ ಸುಮಾರು 180 ಕಿ.ಮೀ. ಅಗಲ. ಮೈಸೂರಿನ ಅರಮನೆಯಿಂದ ಬೆಂಗಳೂರಿನ ವಿಧಾನಸೌಧ ದಾಟಿದರೂ ಆ ಕಡೆಯ ಅಂಚು ಸಿಗುವುದಿಲ್ಲ. ಹತ್ತಿರದ ಊರಿನ ಹೆಸರಲ್ಲಿ ಅದನ್ನು ಚಿಕ್ಷುಲುಬ್ ಗುಳಿ ಎನ್ನುತ್ತಾರೆ. ಆಮೇಲಿನ ಕೋಟ್ಯಂತರ ವರ್ಷಗಳಲ್ಲಿ ಅದರ ಮೇಲೆ ಸುಣ್ಣಕಲ್ಲು ದಪ್ಪಗೆ ಕೂತು ಗುಳಿ ಮುಚ್ಚಿಹೋಯಿತು. ಆದರೆ ಗುಳಿಯ ಅಂಚಿನ ಮೇಲೆ ಕೂತ ಕಲ್ಲು ಬಿರುಕು ಬಿಟ್ಟಿತು. ಬಿರುಕಿದ್ದ ಕಡೆ ನೀರು ಜಾಸ್ತಿ ಓಡಾಡಿತು, ಕಲ್ಲು ಜಾಸ್ತಿ ಕರಗಿತು. ಬಾವಿಗಳ ಬಳೆ ಮೂಡಿದ್ದು ಹೀಗೆ. ಹಾಗಂತ ಎಲ್ಲ ಸೆನೋಟೆಗೂ ಇದೇ ಕಾರಣ ಅಲ್ಲ. ಪ್ರವಾಸಿಗರು ಮುಗಿಬೀಳುವ ಟುಲುಮ್ ಕಡೆಯವು ಈ ಬಳೆಯಿಂದ ದೂರ.

ಇಲ್ಲೊಂದು ತಮಾಷೆ ಇದೆ. ಒಮಾನ್‌ನಲ್ಲಿ, ಮಸ್ಕತ್‌ನಿಂದ ಸುರ್‌ಗೆ ಹೋಗುವ ದಾರಿಯಲ್ಲಿ, ಬಿಮ್ಮಾ ಎಂಬ ಇಂಥದೇ ನೀರುಗುಂಡಿ ಇದೆ. ಗಲ್ಫ್‌ನಲ್ಲಿ ಕೆಲಸ ಮಾಡುವ ನಮ್ಮವರು ಶುಕ್ರವಾರ ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗ. ಅಲ್ಲಿನ ಜನ ಅದನ್ನು ಚುಕ್ಕಿ ಬಿದ್ದ ಗುಂಡಿ ಎಂದೇ ಕರೆಯುತ್ತಾರೆ. ಅಲ್ಲಿ ಯಾವ ಚುಕ್ಕಿಯೂ ಬಿದ್ದಿಲ್ಲ, ಸುಣ್ಣಕಲ್ಲು ಕರಗಿ ಕುಸಿದಿದೆ ಅಷ್ಟೇ. ನಿಜವಾಗಿ ಆಕಾಶದಿಂದ ಬಿದ್ದ ಯುಕಟಾನ್‌ನಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಎಣ್ಣೆ ಹುಡುಕುವವರ ಅಳತೆಗಳಲ್ಲಿ ಗುಳಿಯ ಸುಳಿವು ಸಿಕ್ಕಿದ್ದು 1970ರ ದಶಕದ ಕೊನೆಯಲ್ಲಿ.

## ನಮ್ಮ ಕಡೆ ಯಾಕಿಲ್ಲ?

ಮೈಸೂರು, ಮಂಡ್ಯದ ಅಡಿಯಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಎಂಬ ಗಟ್ಟಿ ಕಲ್ಲು. ಅದರಲ್ಲಿ ಕೆಲವು ಭಾಗ ಸುಮಾರು 300 ಕೋಟಿ ವರ್ಷ ಹಳೆಯದು. ಮಳೆಯ ಸಪ್ಪೆ ಹುಳಿಗೆ ಅದು ಸುಣ್ಣಕಲ್ಲಿನ ಹಾಗೆ ಕರಗುವುದಿಲ್ಲ. ಚಾಮುಂಡಿ ಬೆಟ್ಟದ ನಂದಿ ಅಷ್ಟು ಮಳೆಗಾಲ ಕಂಡೂ ಹಾಗೇ ಕೂತಿರುವುದು ನೋಡಿದ್ದೀರಲ್ಲ. ಹೀಗಾಗಿ ನಮ್ಮಲ್ಲಿ ನೀರು ಬೇಕಾದರೆ ಬಾವಿಯನ್ನು ನಾವೇ ತೋಡಬೇಕು, ಕೆರೆಯನ್ನು ನಾವೇ ಕಟ್ಟಬೇಕು.

ತಲಕಾಡಿನ ಶಾಪದಲ್ಲಿ ಬರುವ ಮಾಲಂಗಿಯ ಮಡುವೂ ಸೆನೋಟೆಯಲ್ಲ. ಮಡು ಎಂದರೆ ಹರಿಯುವ ಹೊಳೆ ತಿರುವಿನಲ್ಲಿ ಸುತ್ತಿ ಸುತ್ತಿ ಕೊರೆದ ಆಳ. ಅಲ್ಲಿ ಸುಳಿ ಇರುತ್ತದೆ, ಸೆಳೆತ ಇರುತ್ತದೆ. ಸೆನೋಟೆಯ ಬಾಯಲ್ಲಿ ನೀರು ಸಾಮಾನ್ಯವಾಗಿ ನಿಂತ ಹಾಗೇ ಕಾಣುತ್ತದೆ.

ಈಚೆಗೆ ರೀಲ್ಸ್‌ನಲ್ಲಿ ‘ನಮ್ಮೂರ ಸೆನೋಟೆ’ ಎಂದು ಹಾಕುವ ನೀಲಿ ನೀರು ಬಹುಪಾಲು ಪಾಳುಬಿದ್ದ ಕಲ್ಲುಕ್ವಾರಿಗಳದ್ದು. ನೋಡಲು ಹೋಲಿಕೆ ಇದೆ, ಒಪ್ಪುತ್ತೇನೆ. ಆದರೆ ಅಲ್ಲಿ ಮೆಟ್ಟಿಲಿಲ್ಲ, ಹಗ್ಗವಿಲ್ಲ, ನೋಡಿಕೊಳ್ಳುವವರಿಲ್ಲ. ಮದ್ದು ಸಿಡಿಸಿ ಸೀಳಿದ ಗೋಡೆಯಾದ್ದರಿಂದ ಹಿಡಿದು ಹತ್ತಲು ಇಳಿಜಾರೂ ಇರುವುದಿಲ್ಲ. ಅಮ್ಮನ ಎರಡನೇ ಪ್ರಶ್ನೆಗೆ ಅಲ್ಲಿ ಉತ್ತರವೇ ಇಲ್ಲ.

ಸುಣ್ಣಕಲ್ಲು ಕರಗುವುದು ಹೇಗೆ ಎಂದು ಹತ್ತಿರದಲ್ಲೇ ನೋಡುವ ಆಸೆಯಿದ್ದರೆ ಆಂಧ್ರದ ಬೆಲುಂ ಗುಹೆಗಳಿಗೆ ಹೋಗಿಬನ್ನಿ. 3 ಕಿ.ಮೀ.ಗೂ ಉದ್ದದ ಗುಹೆ. ಒಳಗಿಳಿಯುವ ಬಾಗಿಲೇ ಬಾವಿಯಂಥ ಕುಸಿತದ ಗುಂಡಿ. ಈಜಲು ಮಾತ್ರ ಅಲ್ಲಿ ನೀರಿಲ್ಲ.

## ಒಣಗಿದ್ದ ಗುಹೆಗೆ ನೀರು ಬಂತು

ಸೆನೋಟೆಯ ನೀರೊಳಗೆ ತೆಗೆದ ಫೋಟೊಗಳಲ್ಲಿ ಚಾವಣಿಯಿಂದ ಸುಣ್ಣದ ಕೋಲುಗಳು ಇಳಿಬಿದ್ದಿರುವುದು ಕಾಣುತ್ತದೆ. ಅವು ಹುಟ್ಟುವುದು ಹನಿ ತೊಟ್ಟಿಕ್ಕುವುದರಿಂದ. ಗೀಸರ್ ಕಾಯಿಲ್ ಮೇಲಿನ ಪದರದ ಹಾಗೇ, ಒಂದೊಂದು ಹನಿಯೂ ಚೂರು ಸುಣ್ಣ ಬಿಟ್ಟು ಹೋಗುತ್ತದೆ. ನೀರು ತುಂಬಿದ ಕಡೆ ಹನಿ ತೊಟ್ಟಿಕ್ಕುವುದುಂಟೇ? ಹಾಗಾದರೆ ಇವು ಬೆಳೆಯುವಾಗ ಗುಹೆ ಒಣಗಿತ್ತು ಎಂದಾಯಿತು.

ಹೌದು, ಒಣಗಿತ್ತು. ಹಿಮಯುಗದಲ್ಲಿ ಭೂಮಿಯ ನೀರು ಭಾರಿ ಪ್ರಮಾಣದಲ್ಲಿ ಮಂಜುಗಡ್ಡೆಯಾಗಿ ಧ್ರುವಗಳ ಕಡೆ ಕೂತಿತ್ತು. ಸಮುದ್ರ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಸಮುದ್ರ ಇಳಿದರೆ ಅಂತರ್ಜಲವೂ ಇಳಿಯುತ್ತದೆ. ಹಿಮ ಕರಗಿದ ಮೇಲೆ ಸಮುದ್ರ ಏರಿತು, ಗುಹೆಗಳು ತುಂಬಿದವು.

ಒಣಗಿದ್ದ ದಿನಗಳಲ್ಲಿ ಪ್ರಾಣಿಗಳು, ಮನುಷ್ಯರು ಒಳಗೆ ಹೋಗುತ್ತಿದ್ದರು. 2007ರಲ್ಲಿ ಓಯೊ ನೆಗ್ರೊ, ಅಂದರೆ ಕಪ್ಪು ಗುಂಡಿ, ಎಂಬಲ್ಲಿ ಮುಳುಗುತಜ್ಞರಿಗೆ ಹದಿಹರೆಯದ ಹುಡುಗಿಯೊಬ್ಬಳ ಅಸ್ಥಿಪಂಜರ ಸಿಕ್ಕಿತು. 12 ಸಾವಿರ ವರ್ಷಕ್ಕೂ ಹಳೆಯದು. ಅವಳಿಗೆ ನಯಾ ಎಂದು ಹೆಸರಿಟ್ಟರು. ಕತ್ತಲಲ್ಲಿ ನೀರು ಹುಡುಕುತ್ತಾ ಬಂದು ಗುಂಡಿಗೆ ಬಿದ್ದಿರಬಹುದು ಎಂಬುದು ಒಂದು ಊಹೆ. ಸುತ್ತ ಆನೆಯ ದೂರದ ಸಂಬಂಧಿಯಾದ ಪ್ರಾಣಿಯ ಎಲುಬುಗಳೂ ಇದ್ದವು.

ಮಾಯಾ ಜನ ಊರು ಕಟ್ಟಿದ್ದು ಈ ನೀರು ನಂಬಿ. ಪ್ರಸಿದ್ಧ ಚಿಚೆನ್ ಇಟ್ಜಾ ನಗರದ ಹೆಸರಿನ ಅರ್ಥವೇ ‘ಇಟ್ಜಾ ಜನರ ಬಾವಿಯ ಬಾಯಿ’. ಅರಕೆರೆ, ಅರಸೀಕೆರೆ ಎಂದು ನೀರಿನಿಂದ ಊರನ್ನು ಕರೆಯುವ ನಮಗೆ ಇದೇನೂ ಹೊಸತಲ್ಲ. ಅಲ್ಲಿಯ ಪವಿತ್ರ ಸೆನೋಟೆಯಲ್ಲಿ ಮಳೆದೇವರು ಚಾಕ್‌ಗೆ ಕಾಣಿಕೆ ಹಾಕುತ್ತಿದ್ದರು. 1904ರಿಂದ ಎಡ್ವರ್ಡ್ ಥಾಂಪ್ಸನ್ ಎಂಬ ಅಮೆರಿಕನ್ ಅದರ ತಳ ಬಗೆದು ಚಿನ್ನ, ಹಸಿರು ಜೇಡ್ ಕಲ್ಲು, ಮನುಷ್ಯರ ಎಲುಬು ಎತ್ತಿದ. ಕಾಣಿಕೆಯಲ್ಲಿ ನರಬಲಿಯೂ ಸೇರಿತ್ತು. ರೈಲು ಶ್ರೀರಂಗಪಟ್ಟಣದ ಸೇತುವೆ ಹತ್ತಿದಾಗ ಕಾವೇರಿಗೆ ಕಾಸು ಎಸೆದು ಕೈ ಮುಗಿಯುತ್ತೇವಲ್ಲ, ನೀರಿಗೆ ಏನಾದರೂ ಕೊಡಬೇಕು ಅನ್ನಿಸುವುದು ಎಲ್ಲ ಕಡೆಯೂ ಇದೆ. ಅಲ್ಲಿ ಮಾತ್ರ ಕೊಟ್ಟಿದ್ದು ಜಾಸ್ತಿಯಾಯಿತು. ಈ ಸೆನೋಟೆಯನ್ನು ದಡದಿಂದ ನೋಡಬಹುದು, ಇಳಿಯಲು ಬಿಡುವುದಿಲ್ಲ.

## ಒಂದೇ ಬಾವಿಯಲ್ಲಿ ಎರಡು ನೀರು

ಮೇಲುಕೋಟೆಯ ಅಕ್ಕ ತಂಗಿ ಕೊಳ ನೋಡಿರುತ್ತೀರಿ. ಪಕ್ಕಪಕ್ಕದಲ್ಲೇ ಎರಡು ಕೊಳ. ಒಂದರ ನೀರು ಕುಡಿಯಲು ಆಗುತ್ತದೆ, ಇನ್ನೊಂದರದ್ದು ಆಗುವುದಿಲ್ಲ ಎಂದು ಊರಿನವರು ಹೇಳುತ್ತಾರೆ. ಸಮುದ್ರಕ್ಕೆ ಹತ್ತಿರದ ಸೆನೋಟೆಗಳಲ್ಲಿ ಈ ಅಕ್ಕ ತಂಗಿ ಅಕ್ಕಪಕ್ಕ ಇಲ್ಲ, ಒಬ್ಬಳ ಮೇಲೊಬ್ಬಳು ಇದ್ದಾರೆ.

ಸುಣ್ಣಕಲ್ಲಿನ ತೂತುಗಳಿಂದ ಸಮುದ್ರದ ಉಪ್ಪುನೀರು ಒಳಕ್ಕೆ ನುಗ್ಗಿರುತ್ತದೆ. ಅದು ತೂಕ ಜಾಸ್ತಿ, ಕೆಳಗೆ ಕೂರುತ್ತದೆ. ಮಳೆಯ ಸಿಹಿನೀರು ಹಗುರ, ಮೇಲೆ ತೇಲುತ್ತದೆ. ಎರಡೂ ಸೇರುವ ಪದರವನ್ನು ಹ್ಯಾಲೊಕ್ಲೈನ್ ಎನ್ನುತ್ತಾರೆ. ಮುಳುಗುವವರು ಅದನ್ನು ದಾಟುವಾಗ ಕಣ್ಣೆದುರು ಎಲ್ಲವೂ ಮಸುಕಾಗಿ ಅಲೆಅಲೆಯಾಗುತ್ತದೆ. ಮನೆಯಲ್ಲೇ ನೋಡಬೇಕಾದರೆ ಗಾಜಿನ ಲೋಟದ ನೀರಿಗೆ ಸಕ್ಕರೆ ಪಾಕವನ್ನು ಅಂಚಿನಿಂದ ಮೆಲ್ಲಗೆ ಬಿಡಿ. ಎರಡರ ನಡುವೆ ನಡುಗುವ ಗೆರೆ ಕಾಣುತ್ತದೆ. ಮೊದಲ ಸಲ ದಾಟುವವರು ಕನ್ನಡಕ ಕೆಟ್ಟಿತೆಂದು ಗಾಬರಿಯಾಗುವುದುಂಟು. ಒಂದೆರಡು ಅಡಿ ಮೇಲೋ ಕೆಳಗೋ ಹೋದರೆ ಮತ್ತೆ ಸ್ಪಷ್ಟ.

ಟುಲುಮ್ ಹತ್ತಿರದ ಆಂಗೆಲಿಟಾ ಎಂಬ ಸೆನೋಟೆಯಲ್ಲಿ ಸುಮಾರು 30 ಮೀಟರ್ ಆಳದಲ್ಲಿ ಬಿಳಿ ಮೋಡ ಹಾಸಿದಂತೆ ಇರುತ್ತದೆ. ಮೇಲಿಂದ ಬಿದ್ದ ಎಲೆ, ಕೊಂಬೆ ಕೊಳೆತು ಹುಟ್ಟಿದ ಹೈಡ್ರೋಜನ್ ಸಲ್ಫೈಡ್ ಅದು, ಕೊಳೆತ ಮೊಟ್ಟೆಯ ವಾಸನೆಯ ಅನಿಲ. ಮೋಡದಿಂದ ಮರದ ಕೊಂಬೆಗಳು ಹೊರಚಾಚಿ, ನೀರಿನೊಳಗೇ ಇನ್ನೊಂದು ಹೊಳೆ ಹರಿಯುವ ಹಾಗೆ ಕಾಣುತ್ತದೆ. ಬಹಳ ದಿನ ಮುಚ್ಚಿದ್ದ ಹಗೇವಿಗೆ ಏಕಾಏಕಿ ಇಳಿಯಬೇಡ ಎಂದು ಹಿರಿಯರು ಹೇಳುತ್ತಿದ್ದುದು ನನಗೆ ಇಲ್ಲಿ ನೆನಪಾಗುತ್ತದೆ. ಅಲ್ಲಿನ ಕೆಟ್ಟ ಗಾಳಿ ಕಣ್ಣಿಗೆ ಕಾಣದು, ಇಲ್ಲಿ ಮೋಡವಾಗಿ ಕಾಣುತ್ತದೆ.

## ಸುಮ್ನೆ ಈಜಿ ಬರುವವರಿಗೆ

ಸೆನೋಟೆಗೆ ಹೋಗುವವರಲ್ಲಿ ಬಹುಪಾಲು ಜನ ಮೇಲ್ಮೈಯಲ್ಲಿ ಈಜಿ, ಕನ್ನಡಕ ಮತ್ತು ಉಸಿರು ಕೊಳವೆ ಹಾಕಿಕೊಂಡು ಕೆಳಗೆ ಇಣುಕಿ ಬರುತ್ತಾರೆ. ಇದರಲ್ಲಿ ದೊಡ್ಡ ಅಪಾಯವಿಲ್ಲ. ಆದರೂ ಕೆಲವು ಸಂಗತಿ ಗೊತ್ತಿದ್ದರೆ ಒಳ್ಳೆಯದು.

ಮಲ್ಪೆಯಲ್ಲೋ ಗೋಕರ್ಣದಲ್ಲೋ ಚೆನ್ನಾಗಿ ತೇಲಿದ್ದೆ ಎಂಬ ಧೈರ್ಯದಲ್ಲಿ ಜಾಕೆಟ್ ಬಿಚ್ಚಬೇಡಿ. ಉಪ್ಪುನೀರು ಮೈಯನ್ನು ಎತ್ತಿ ಹಿಡಿದಷ್ಟು ಸಿಹಿನೀರು ಹಿಡಿಯುವುದಿಲ್ಲ. ಸರಸ್ವತಿಪುರಂನ ಈಜುಕೊಳದಲ್ಲಿ ಕಲಿತವರಿಗೆ ಇದು ಹೊಸದಲ್ಲ, ಆದರೆ ಅಲ್ಲಿ ಒಂದು ಕಡೆಯಾದರೂ ಕಾಲಿಗೆ ನೆಲ ಸಿಗುತ್ತದೆ. ಬಾವಿ ಆಕಾರದ ಸೆನೋಟೆಯಲ್ಲಿ ದಡ ಬಿಟ್ಟ ಮರುಕ್ಷಣವೇ ಹತ್ತಾರು ಮೀಟರ್ ಆಳ. ಬಾವಿಯಲ್ಲಿ ಸೊಂಟಕ್ಕೆ ಹಗ್ಗ, ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತ ತಲೆಮಾರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಿಳಿನೀರಿನ ಮೋಸ ಇನ್ನೊಂದು. ಹೂಳು ತರುವ ಹೊಳೆ ಇಲ್ಲ, ಕಲ್ಲೇ ಸೋಸುತ್ತದೆ, ಹಾಗಾಗಿ ಅಷ್ಟು ತಿಳಿ. ಮೇಲಿಂದ ನೋಡಿದಾಗ ತಳ ಇರುವುದಕ್ಕಿಂತ ಹತ್ತಿರ ಕಾಣುತ್ತದೆ. ಬೆಳಕು ನೀರಿನಿಂದ ಹೊರಬರುವಾಗ ಬಾಗುವುದರಿಂದ 4 ಮೀಟರ್ ಆಳ ಸುಮಾರು 3 ಮೀಟರಿನಂತೆ ತೋರುತ್ತದೆ. ಕೆಳಗಿನ ಬಂಡೆಯೂ ಹಾಗೇ ಕಣ್ಣಿಗೆ ಸುಳ್ಳು ಹೇಳುತ್ತದೆ. ‘ಇಲ್ಲಿ ಹಾರಬಹುದು’ ಎಂದು ಗುರುತಿಸಿದ ಕಡೆ ಬಿಟ್ಟು ಎಲ್ಲೂ ಹಾರಬೇಡಿ.

ನೀರು ವರ್ಷವಿಡೀ ಸುಮಾರು 24, 25 ಡಿಗ್ರಿ. ಓದಲು ಬೆಚ್ಚಗಿದೆ ಅನ್ನಿಸುತ್ತದೆ, ಅರ್ಧ ಗಂಟೆ ನಿಂತರೆ ಹಲ್ಲು ಕಟಕಟ. ವಯಸ್ಸಾದವರು ನಿಧಾನವಾಗಿ ಇಳಿಯಲಿ, ಬೇಗ ಮೇಲೆ ಬರಲಿ. ಮೆಟ್ಟಿಲು ಸದಾ ಒದ್ದೆ, ಪಾಚಿ ಬೇರೆ. ಅಮ್ಮನ ವಯಸ್ಸಿನವರಿಗೆ ನೀರಿಗಿಂತ ಮೆಟ್ಟಿಲೇ ದೊಡ್ಡ ಚಿಂತೆ.

ಇಳಿಯುವ ಮೊದಲು ಸ್ನಾನ ಮಾಡಿ ಎನ್ನುತ್ತಾರೆ, ಸನ್‌ಸ್ಕ್ರೀನ್, ಸೊಳ್ಳೆ ಎಣ್ಣೆ, ತಲೆಗೆಣ್ಣೆ ಯಾವುದೂ ಮೈಮೇಲೆ ಇರಬಾರದು ಎನ್ನುತ್ತಾರೆ. ಮಡಿಯಂತೆ ಕಂಡರೂ ಇದಕ್ಕೆ ಕಾರಣವಿದೆ. ಈ ಬಾವಿಗಳಲ್ಲಿ ಎಷ್ಟೋ ಒಳಗಿಂದೊಳಗೆ ಒಂದಕ್ಕೊಂದು ಸೇರಿವೆ. 2018ರ ಜನವರಿಯಲ್ಲಿ ಎರಡು ಗುಹಾಜಾಲ ಒಂದೇ ಎಂದು ಮುಳುಗುತಜ್ಞರು ತೋರಿಸಿದಾಗ ಸಾಕ್ ಆಕ್ತುನ್ ಎಂಬ ಜಾಲದ ಉದ್ದ 347 ಕಿ.ಮೀ. ಆಯಿತು. ಮೈಸೂರಿನಿಂದ ಬೆಂಗಳೂರಿಗೆ ಹೋಗಿ ವಾಪಸ್ ಬಂದರೂ ಅಷ್ಟಾಗುವುದಿಲ್ಲ. ಅಲ್ಲಿಯ ಜನರ ಕುಡಿಯುವ ನೀರಿನ ಮೂಲವೂ ಈ ಅಂತರ್ಜಲವೇ. ಕಣ್ಣೇ ಇಲ್ಲದ ಮೀನುಗಳು ಕತ್ತಲ ಭಾಗದಲ್ಲಿ ಬದುಕುವುದೂ ಇದೇ ನೀರಿನಲ್ಲಿ. ನಮ್ಮ ಮೈಯಿಂದ ಬಿಟ್ಟಿದ್ದು ಎಲ್ಲಿಗೆ ಹೋಗುತ್ತದೆ ಎಂದು ಹೇಳಲಾಗದು. ಹೋಟೆಲುಗಳ ಕೊಳಚೆಯ ಬಗ್ಗೆಯೂ, ಗುಹೆಗಳ ಮೇಲೆ ಕಂಬ ನೆಟ್ಟು ಹಾಕಿದ ಹೊಸ ರೈಲು ಮಾರ್ಗದ ಬಗ್ಗೆಯೂ ಅಲ್ಲಿ ಜಗಳ ನಡೆದಿರುವುದು ಇದಕ್ಕೇ.

## ಆಕಾಶ ಕಾಣುತ್ತದಾ?

ಈಜಿದ್ದಾಯಿತು, ಇನ್ನು ಸಿಲಿಂಡರ್ ಕಟ್ಟಿ ಮುಳುಗುವುದು. ಡಿಸೆಂಬರ್‌ನಲ್ಲಿ ಮತ್ತೆ ಹೋಗಿ ಡೈವ್ ಮಾಡುತ್ತೇನೆ ಎಂದು ಹುಡುಗಿ ಹೇಳಿದಳು. ಅಮ್ಮ ಮತ್ತೆ ಕೇಳಿದ್ದು ಒಂದೇ ಮಾತು: “ಮ್ಯಾಕ್ ನೋಡುದ್ರೆ ಆಕಾಸ ಕಾಣ್ತದಾ?” ಸ್ಕೂಬಾ ಎಂದರೇನೆಂದು ಗೊತ್ತಿಲ್ಲದ ಅಮ್ಮ, ಗುಹೆ ಮುಳುಗಿನ ಮೊದಲ ಪಾಠವನ್ನೇ ಕೇಳಿಬಿಟ್ಟಿದ್ದರು.

ಸೆನೋಟೆಯ ಮುಳುಗಿನಲ್ಲಿ ಮೂರು ಬಗೆ. ತಲೆಯ ಮೇಲೆ ನೇರ ಆಕಾಶವಿದ್ದರೆ ಅದು ತೆರೆದ ನೀರು. ಏನೇ ಆದರೂ ನಿಧಾನವಾಗಿ ಮೇಲೆ ಬಂದರೆ ಗಾಳಿ ಸಿಗುತ್ತದೆ. ಎರಡನೆಯದು ಕ್ಯಾವರ್ನ್, ಗುಹೆಯ ಹಜಾರ ಎನ್ನಿ. ತಲೆಯ ಮೇಲೆ ಕಲ್ಲಿದೆ, ಆದರೆ ಬಾಗಿಲ ಬೆಳಕು ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಮೇಲ್ಮೈಯ ಗಾಳಿಯಿಂದ ಒಟ್ಟು ದೂರ ಸುಮಾರು 60 ಮೀಟರ್ ಮೀರಬಾರದು ಎಂಬುದು ರೂಢಿಯ ಮಿತಿ. ಮೂರನೆಯದು ಪೂರ್ತಿ ಗುಹೆ. ಬೆಳಕಿಲ್ಲ, ಬಾಗಿಲು ಕಾಣದು.

ಪ್ರವಾಸಿಗರಿಗೆ ಮಾರುವುದು ಸಾಮಾನ್ಯವಾಗಿ ಎರಡನೆಯದನ್ನು. ತೆರೆದ ನೀರಿನ ಪ್ರಮಾಣಪತ್ರ ಇದ್ದವರನ್ನು ಗುಹೆ ತರಬೇತಿ ಪಡೆದ ಗೈಡ್ ಕರೆದೊಯ್ಯುತ್ತಾರೆ. ಒಬ್ಬ ಗೈಡ್‌ಗೆ ನಾಲ್ಕು ಜನಕ್ಕಿಂತ ಹೆಚ್ಚು ಇರಬಾರದು. ಪ್ರತಿಯೊಬ್ಬರ ಕೈಯಲ್ಲೂ ಟಾರ್ಚ್ ಇರಬೇಕು. ಬಾಗಿಲಿನಿಂದ ಒಳಗಿನ ತನಕ ಎಳೆದ ದಾರ ಕಣ್ಣಿಗೆ ಕಾಣುತ್ತಿರಬೇಕು. ಹೊರದಾರಿ ಯಾವ ಕಡೆ ಎಂದು ತೋರಿಸಲು ಆ ದಾರದ ಮೇಲೆ ಬಾಣದ ಗುರುತುಗಳಿರುತ್ತವೆ. ಹಜಾರ ಮುಗಿದು ಗುಹೆ ಶುರುವಾಗುವ ಕಡೆ ಹಲವೆಡೆ ಒಂದು ಬೋರ್ಡ್ ಇದೆ. ಕುಡುಗೋಲು ಹಿಡಿದ ಅಸ್ಥಿಪಂಜರದ ಚಿತ್ರ, ಮುಂದೆ ಹೋದರೆ ಸಾವು ಎಂಬ ಮಾತು. ಅಲ್ಲಿಂದ ವಾಪಸ್ ತಿರುಗಬೇಕು. ಗೈಡ್ ‘ಬನ್ನಿ, ಏನಾಗಲ್ಲ’ ಎಂದರೂ.

ಗುಹೆ ಯಾಕೆ ಅಷ್ಟು ಕಠಿಣ? 2018ರಲ್ಲಿ ಥಾಯ್ಲೆಂಡಿನ ಗುಹೆಯಲ್ಲಿ ಸಿಕ್ಕಿಬಿದ್ದ 12 ಹುಡುಗರು ಮತ್ತು ಅವರ ಕೋಚ್‌ರನ್ನು ಹೊರತಂದ ಸುದ್ದಿ ನಾವೆಲ್ಲ ನೋಡಿದೆವು. ಆ ಕೆಲಸದಲ್ಲಿ ನೌಕಾಪಡೆಯ ಮಾಜಿ ಮುಳುಗುಗಾರನೇ ಪ್ರಾಣ ಬಿಟ್ಟ. ನೀರು ತುಂಬಿದ ಗುಹೆಯಲ್ಲಿ ಮೇಲೆ ಬರುವುದು ಎಂದರೆ ಬಂದ ದಾರಿಯಲ್ಲೇ ಅಷ್ಟೂ ದೂರ ಹಿಂದಕ್ಕೆ ಹೋಗುವುದು. ತಳದಲ್ಲಿ ಹಿಟ್ಟಿನಂಥ ಹೂಳು ಕೂತಿರುತ್ತದೆ. ಕಾಲಿನ ರೆಕ್ಕೆ ಒಮ್ಮೆ ತಾಗಿದರೆ ಸಾಕು, ಕೆರೆಗೆ ಎಮ್ಮೆ ಇಳಿದ ಹಾಗೆ ರಾಡಿ. ಕೈಯಲ್ಲಿನ ಟಾರ್ಚೂ ಕಾಣುವುದಿಲ್ಲ. ಆಗ ಉಳಿಯುವುದು ಆ ದಾರ ಒಂದೇ.

ಗಾಳಿಯ ಲೆಕ್ಕವೂ ಮೋಸದ್ದು. ಪ್ರತಿ 10 ಮೀಟರ್ ಇಳಿದಂತೆ ಮೈಮೇಲಿನ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ. 10 ಮೀಟರಿನಲ್ಲಿ ಒಂದು ಉಸಿರಿಗೆ ಮೇಲಿನ ಎರಡರಷ್ಟು ಗಾಳಿ ಬೇಕು, 20 ಮೀಟರಿನಲ್ಲಿ ಮೂರರಷ್ಟು. ಮೇಲೆ ಒಂದೂವರೆ ಗಂಟೆ ಬರುವ ಸಿಲಿಂಡರ್ 20 ಮೀಟರಿನಲ್ಲಿ ಅರ್ಧ ಗಂಟೆಗೆ ಖಾಲಿ. ಗಾಬರಿಯಾದರೆ ಇನ್ನೂ ಬೇಗ. ಅದಕ್ಕೇ ಮೂರು ಪಾಲಿನ ನಿಯಮ ಇದೆ. ಒಂದು ಪಾಲು ಗಾಳಿ ಹೋಗಲು, ಒಂದು ಪಾಲು ಬರಲು, ಒಂದು ಪಾಲು ಮುಟ್ಟದೆ ಉಳಿಸಲು. ಅಮೆರಿಕದ ಶೆಕ್ ಎಕ್ಸ್‌ಲಿ ಎಂಬ ಮುಳುಗುಗಾರ ಗುಹೆಗಳಲ್ಲಿ ಸತ್ತವರ ಪ್ರಕರಣಗಳನ್ನು ಕೂತು ಪರಿಶೀಲಿಸಿದಾಗ ಕಂಡಿದ್ದು ಇವೇ ತಪ್ಪುಗಳು: ಬಾಗಿಲಿನ ತನಕ ದಾರ ಇಲ್ಲದಿರುವುದು, ಗಾಳಿ ಉಳಿಸದಿರುವುದು, ಮಿತಿ ಮೀರಿ ಆಳಕ್ಕೆ ಹೋಗುವುದು. ತರಬೇತಿ ಇಲ್ಲದಿರುವುದು, ಒಂದೇ ಟಾರ್ಚ್ ನಂಬುವುದು ಆಮೇಲೆ ಸೇರಿದವು. ಅಂಥ ಎಕ್ಸ್‌ಲಿಯೇ 1994ರಲ್ಲಿ ಮೆಕ್ಸಿಕೊದ ಸಕತೋನ್ ಎಂಬ ನೀರುಗುಂಡಿಯ ತಳ ಮುಟ್ಟಲು ಹೋಗಿ ತೀರಿಕೊಂಡ. ಅದರ ಆಳ ಸುಮಾರು 339 ಮೀಟರ್. ಕೆಆರ್‌ಎಸ್ 124.80 ಅಡಿ ತುಂಬಿದ ಸುದ್ದಿ ಓದಿ ಖುಷಿಪಡುವ ನಾವು, ಹತ್ತಿರ ಹತ್ತಿರ ಅದರ ಒಂಬತ್ತು ಪಟ್ಟು ಎಂದುಕೊಂಡರೆ ಅಂದಾಜು ಸಿಗುತ್ತದೆ.

ಮುಳುಗು ಕಲಿಯಲು ಮೆಕ್ಸಿಕೊ ತನಕ ಹೋಗಬೇಕಿಲ್ಲ. ಮುರುಡೇಶ್ವರದ ಹತ್ತಿರ ನೇತ್ರಾಣಿ ದ್ವೀಪದ ಬಳಿ ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ಸ್ಕೂಬಾ ಇದೆ, ಅಂಡಮಾನ್‌ನಲ್ಲೂ ಇದೆ. ತೆರೆದ ನೀರಿನ ಮೊದಲ ಕೋರ್ಸಿಗೆ ಸಾಮಾನ್ಯವಾಗಿ ಮೂರು ನಾಲ್ಕು ದಿನ, ಮಿತಿ 18 ಮೀಟರ್ ಆಳ. ಸಮುದ್ರದಲ್ಲಿ ಕಲಿತವರು ಸೆನೋಟೆಗೆ ಬಂದಾಗ ಸೊಂಟದ ಸೀಸದ ತೂಕ ಎರಡು ಮೂರು ಕಿಲೊ ಕಡಿಮೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ತಳಕ್ಕೆ ಕೂತು ಹೂಳೆಬ್ಬಿಸುತ್ತಾರೆ. ಕೋರ್ಸೇ ಮಾಡದವರಿಗೆ ಒಂದು ದಿನದ ರುಚಿ ತೋರಿಸುವ ಮುಳುಗೂ ಇದೆ. ಅದು ಆಕಾಶ ಕಾಣುವ ಕಡೆ ಮಾತ್ರ ಇರಲಿ.

ಇನ್ನೊಂದು ವಿಷಯ ಟೂರ್ ಬುಕ್ ಮಾಡುವಾಗ ಯಾರಿಗೂ ಹೊಳೆಯುವುದಿಲ್ಲ. ಆಳದಲ್ಲಿ ಉಸಿರಾಡಿದಾಗ ಗಾಳಿಯ ಸಾರಜನಕ ಮೈಯೊಳಗೆ ಜಾಸ್ತಿ ಕರಗುತ್ತದೆ. ಸೋಡಾ ಮುಚ್ಚಳ ಫಟ್ ಎಂದು ತೆಗೆದರೆ ಗುಳ್ಳೆ ಉಕ್ಕುವ ಹಾಗೆ, ಒತ್ತಡ ಒಮ್ಮೆಲೇ ಇಳಿದರೆ ಅದು ರಕ್ತದಲ್ಲಿ, ಕೀಲುಗಳಲ್ಲಿ ಗುಳ್ಳೆಯಾಗುತ್ತದೆ. ವಿಮಾನದೊಳಗೆ ಒತ್ತಡ ನೆಲಕ್ಕಿಂತ ಕಡಿಮೆ. ಅದಕ್ಕೇ ಒಂದು ಮುಳುಗಿನ ನಂತರ ಕನಿಷ್ಠ 12 ಗಂಟೆ, ಹಲವು ಮುಳುಗಿನ ನಂತರ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಈ ಲೆಕ್ಕ ಬಾಯಿಬಿಟ್ಟು ಓದಿದಾಗ ನಮ್ಮ ಹುಡುಗಿ ತನ್ನ ಡಿಸೆಂಬರ್ ಟಿಕೆಟ್ ತೆಗೆದು ನೋಡಿದಳು. ಬೆಳಿಗ್ಗೆ 9ಕ್ಕೆ ಎರಡು ಡೈವ್, ರಾತ್ರಿ 8ಕ್ಕೆ ಡಲ್ಲಾಸ್ ವಿಮಾನ. ಡೈವ್‌ಗಳನ್ನು ಮೊದಲ ದಿನಕ್ಕೆ ಹಾಕಿಸಿಕೊಂಡಿದ್ದಾಳೆ. ಕೊನೆಯ ದಿನ ಇಕ್ ಕಿಲ್‌ನಲ್ಲಿ ಮತ್ತೆ ತೇಲುವುದಂತೆ, ಜಾಕೆಟ್ ಹಾಕಿಕೊಂಡು. ಮೆಟ್ಟಿಲು ಎಷ್ಟಿವೆ ಎಂದು ಎಣಿಸಿಕೊಂಡು ಬರಲು ಅಮ್ಮ ಹೇಳಿದ್ದಾರೆ.